ಸಾರ್ವಜನಿಕ ಪಾರ್ಕಿನಲ್ಲಿ ನಾಲ್ಕು ಸಂಘಗಳು ಸೇರಿ ಒಂದು ಕೂಡುವ ಜಾಗ ಮಾಡಲು ಹೊರಟಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಹಿರಿಯರ ಸಂಘ, ಮಹಿಳಾ ಸಂಘ, ಓದುವ ಬಳಗ, ಆಟದ ಹುಡುಗರು ಎಲ್ಲರೂ ಮಂಟಪ ಬೇಕು ಎಂದು ಒಪ್ಪಿದ್ದಾರೆ, ಆದರೆ ನಕ್ಷೆ ಬಿಡಿಸಿದ ಕೂಡಲೇ ಜಗಳ ಶುರುವಾಯಿತು ಎಂದು ಬರೆದಿದ್ದೀರಿ. ಇಂಥ ಸಮಿತಿಗಳಲ್ಲಿ ಸಾಕಷ್ಟು ಕೂತು ಎದ್ದವನು ನಾನು. ಸದ್ಯಕ್ಕೆ ನಕ್ಷೆಯನ್ನು ಸುತ್ತಿ ಬದಿಗಿಡಿ. ಮೊದಲು ತೀರ್ಮಾನವಾಗಬೇಕಾದ್ದು ಬೀಗದಕೈ ಯಾರ ಹತ್ತಿರ ಇರುತ್ತದೆ ಎನ್ನುವುದು. ಬೀಗವೇ ಬೇಡ ಎಂದು ತೀರ್ಮಾನಿಸಿದರೆ ಇನ್ನೂ ಒಳ್ಳೆಯದು.

ಯಾಕೆಂದರೆ ಪಾರ್ಕು ನಿಮ್ಮ ನಾಲ್ಕು ಸಂಘಗಳದ್ದಲ್ಲ. ಯಾವ ಸಂಘಕ್ಕೂ ಸೇರದೆ ಸುಮ್ಮನೆ ಬಂದು ಕೂರುವವರೇ ಅಲ್ಲಿ ಹೆಚ್ಚು. ಮಗುವನ್ನು ಎತ್ತಿಕೊಂಡು ಬರುವ ತಾಯಿ, ಕೆಲಸದ ನಡುವೆ ಹತ್ತು ನಿಮಿಷ ಕಾಲು ಚಾಚುವ ಮಾಲಿ, ಮನೆಯಲ್ಲಿ ಮಾತಾಡಲು ಜಾಗವಿಲ್ಲದ ಹದಿಹರೆಯದವರು. ಇವರು ಯಾರೂ ನಿಮ್ಮ ಸಭೆಗೆ ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಯಾವ ಯೋಜನೆ ನೋಡಿದರೂ ನಾನು ಕೇಳುವುದು ಒಂದೇ: ಯಾವ ಸಂಘದ ಕಾರ್ಯಕ್ರಮವೂ ಇಲ್ಲದ ದಿನ ಮಧ್ಯಾಹ್ನ ಅಲ್ಲಿ ಯಾರು ಕೂತಿರುತ್ತಾರೆ? ‘ಯಾರೂ ಇಲ್ಲ, ಬೀಗ ಹಾಕಿರುತ್ತೇವೆ’ ಎಂಬ ಉತ್ತರ ಬಂದರೆ ನೀವು ಕಟ್ಟುತ್ತಿರುವುದು ಪಾರ್ಕಿನೊಳಗೊಂದು ಖಾಸಗಿ ಕೋಣೆ.

ಬೀಗ, ಬೇಲಿ ಇದ್ದರೆ ಜಾಗ ಸುರಕ್ಷಿತ ಎನ್ನುವವರು ನಿಮ್ಮಲ್ಲೂ ಇದ್ದೇ ಇರುತ್ತಾರೆ. ಅವರಿಗೆ ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಕತೆ ಹೇಳಿ. ಒಂದು ಕಾಲಕ್ಕೆ ಅದು ಮಾದಕ ವಸ್ತು ಮಾರುವವರ ಅಡ್ಡೆಯಾಗಿತ್ತು. ಸುತ್ತಲಿನ ಬೇಲಿ, ಪೊದೆಗಳಿಂದಾಗಿ ಒಳಗೆ ಏನಾಗುತ್ತಿದೆ ಎಂದು ರಸ್ತೆಯಲ್ಲಿದ್ದವರಿಗೆ ಕಾಣುತ್ತಲೇ ಇರಲಿಲ್ಲ. 1988ರಲ್ಲಿ ಮುಚ್ಚಿದ ಆ ಪಾರ್ಕನ್ನು 1992ರಲ್ಲಿ ಮತ್ತೆ ತೆರೆದಾಗ ಅಡ್ಡಗಳನ್ನು ತೆಗೆದು, ಒಳಬರುವ ದಾರಿಗಳನ್ನು ಹೆಚ್ಚಿಸಿ, ಎಲ್ಲಿಗೆ ಬೇಕಾದರೂ ಎಳೆದುಕೊಳ್ಳಬಹುದಾದ ಕುರ್ಚಿಗಳನ್ನು ಹಾಕಿದ್ದರು. ಜನ ಬಂದು ಕೂತರು, ಪಾರ್ಕಿಗಿದ್ದ ಕೆಟ್ಟ ಹೆಸರು ಹೋಯಿತು. ಅದರ ಹಿಂದಿದ್ದ ಸಲಹೆ ಬಹುಪಾಲು ವಿಲಿಯಂ ವೈಟ್ ಅವರದು. 1970ರ ದಶಕದಲ್ಲಿ ಅದೇ ನಗರದ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಎಂದು ನೋಡುತ್ತಾ ಹೋದವರು ಅವರು. ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ ಎಂಬುದು ಅವರಿಗೆ ಸಿಕ್ಕ ದೊಡ್ಡ ಉತ್ತರ. ನಗಬೇಡಿ, ಎಷ್ಟೋ ನಕ್ಷೆಗಳಲ್ಲಿ ಕಾರಂಜಿ ಇರುತ್ತದೆ, ಕಮಾನು ಇರುತ್ತದೆ, ಬೆನ್ನು ಒರಗಿಸಿ ಕೂರುವ ಒಂದು ಬೆಂಚು ಇರುವುದಿಲ್ಲ.

ಆಸನದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮರದ ಸುತ್ತ ದುಂಡನೆಯ ಕಟ್ಟೆ ಕಟ್ಟಿಸೋಣ ಎಂದು ಎಲ್ಲ ಸಮಿತಿಯಲ್ಲೂ ಒಬ್ಬರು ಹೇಳುತ್ತಾರೆ. ನೋಡಲು ಚೆಂದವೇ, ಆದರೆ ಅದರ ಮೇಲೆ ಕೂತವರೆಲ್ಲ ಹೊರಗೆ ಮುಖ ಮಾಡಿರುತ್ತಾರೆ. ಒಬ್ಬರಿಗೊಬ್ಬರು ಗೊತ್ತಿಲ್ಲದವರಿಗೆ ಅದು ಸರಿ, ಸಭೆ ಸೇರುವವರಿಗೆ ಏನೇನೂ ಸರಿಯಲ್ಲ. ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು 1950ರ ದಶಕದಲ್ಲೇ ಇದನ್ನು ಆಸ್ಪತ್ರೆಯ ವಾರ್ಡಿನಲ್ಲಿ ಗುರುತಿಸಿದ್ದರು: ಗೋಡೆಗುಂಟ ಸಾಲಾಗಿ ಇಟ್ಟ ಕುರ್ಚಿಗಳಲ್ಲಿ ರೋಗಿಗಳು ಮಾತೇ ಆಡುತ್ತಿರಲಿಲ್ಲ. ಅದೇ ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ಇಟ್ಟಾಗ ಮಾತುಕತೆ ಹೆಚ್ಚಾಯಿತು. ನಿಮ್ಮ ಜಾಗದಲ್ಲಿ ಎರಡೂ ಬಗೆ ಇರಲಿ. ಅಂಚಿನಲ್ಲಿ ಹೊರಗೆ ಮುಖ ಮಾಡಿದ ಕಟ್ಟೆ, ನಡುವೆ ಎದುರುಬದುರು ಕೂರುವ ವ್ಯವಸ್ಥೆ. ಗಾಲಿಕುರ್ಚಿಯವರಿಗೆ ಸಾಲಿನ ತುದಿಯಲ್ಲಿ ಉಳಿದ ಮೂಲೆ ಕೊಡಬೇಡಿ, ವೃತ್ತದ ಒಳಗೇ ಜಾಗ ಬಿಡಿ. ಕುರ್ಚಿ ತಿರುಗಿಸಲು ಸುಮಾರು 1.5 ಮೀಟರ್ ಬೇಕು. ಮೆಟ್ಟಿಲ ಬದಲು ಇಳಿಜಾರು ಮಾಡುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಇದಕ್ಕಿಂತ ಕಡಿದಾದರೆ ಅದು ಇದ್ದೂ ಇಲ್ಲದ ಹಾಗೆ.

ಅಳತೆಯನ್ನು ಕಾಗದದ ಮೇಲೆ ಚರ್ಚಿಸಬೇಡಿ. ಒಬ್ಬರಿಗೆ 60 ಸೆಂಟಿಮೀಟರ್ ಅಂತ ಲೆಕ್ಕ ಹಿಡಿದರೂ ಮೂವತ್ತು ಜನ ವೃತ್ತದಲ್ಲಿ ಕೂರಲು ಆರು ಮೀಟರ್ ಅಗಲ ಬೇಕು. ಇದನ್ನು ಕೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಹಗ್ಗ ಹಿಡಿದು ಪಾರ್ಕಿನಲ್ಲೇ ವೃತ್ತ ಹಾಕಿ, ಮನೆಯಿಂದ ಕುರ್ಚಿ ತಂದು ಕೂತು ನೋಡಿ. ಆ ಕಡೆ ಕೂತವರ ಮಾತು ಈ ಕಡೆಯ ಅಜ್ಜಿಗೆ ಕೇಳುತ್ತದೆಯೇ? ಸಂಜೆ ನಾಲ್ಕಕ್ಕೆ ಪಶ್ಚಿಮದ ಬಿಸಿಲು ಯಾರ ಕಣ್ಣಿಗೆ ಬೀಳುತ್ತದೆ? ಹುಡುಗರ ಚೆಂಡು ಎಷ್ಟು ಸಲ ಒಳಗೆ ಬಂತು? ಕೆಲವು ವಾರ ಹೀಗೆ ನಡೆಸಿದರೆ ಅರ್ಧ ಜಗಳ ತಾನಾಗೇ ಕರಗುತ್ತದೆ. ಉಳಿದರ್ಧ ಸಮಯದ ಹಂಚಿಕೆಯದು, ಅದಕ್ಕೆ ನಿಯಮ ಬೇಕು.

ಆ ನಿಯಮಗಳ ಬಗ್ಗೆ ಎಲಿನಾರ್ ಆಸ್ಟ್ರಂ ಅವರ ಕೆಲಸ ಉಪಯೋಗಕ್ಕೆ ಬರುತ್ತದೆ. ಹಂಚಿಕೊಂಡು ಬಳಸುವ ನೀರು, ಕಾಡು, ಹುಲ್ಲುಗಾವಲುಗಳನ್ನು ಜನ ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಬಳಸುವವರೇ ನಿಯಮ ಮಾಡಬೇಕು, ತಪ್ಪಿದವರಿಗೆ ಮೊದಲು ಸಣ್ಣ ದಂಡ ಇರಬೇಕು, ತಕರಾರು ಬಂದರೆ ಹತ್ತಿರದಲ್ಲೇ, ಖರ್ಚಿಲ್ಲದೆ ಬಗೆಹರಿಯಬೇಕು ಎಂಬುವು ಅವರು ಕಂಡುಕೊಂಡ ಅಂಶಗಳಲ್ಲಿ ಕೆಲವು. ನಿಮ್ಮ ಮಟ್ಟಿಗೆ ಇದರ ಅರ್ಥ ಸರಳ. ಮುಂಗಡ ಕಾದಿರಿಸುವ ಗಂಟೆಗಳು ವಾರದ ಅರ್ಧಕ್ಕಿಂತ ಹೆಚ್ಚಾಗಬಾರದು, ಉಳಿದದ್ದು ಬಂದವರಿಗೆ. ಸಂಜೆಯ ಹೊತ್ತು ಒಂದೇ ಸಂಘಕ್ಕೆ ಖಾಯಂ ಆಗಬಾರದು, ಸರದಿ ಬದಲಾಗುತ್ತಿರಲಿ. ಸಮಯ ಮೀರಿ ಕೂತ ಸಂಘ ಮುಂದಿನ ಸರದಿ ಬಿಟ್ಟುಕೊಡಲಿ. ಪಟ್ಟಿ ಅಲ್ಲೇ ಫಲಕದ ಮೇಲೆ ಎಲ್ಲರಿಗೂ ಕಾಣಲಿ, ಯಾರದೋ ಫೋನಿನೊಳಗೆ ಇರುವುದು ಬೇಡ.

ಸಾಮಾನು ಇಡುವ ಪೆಟ್ಟಿಗೆಯ ಬೇಡಿಕೆ ಬಂದೇ ಬರುತ್ತದೆ. ಚಾಪೆ, ಪುಸ್ತಕ, ಚೆಂಡು ಎಂದು ಶುರುವಾಗಿ ಒಂದೊಂದು ಸಂಘಕ್ಕೆ ಒಂದೊಂದು ಕಪಾಟು, ಅದಕ್ಕೊಂದು ಹೆಸರು, ಆಮೇಲೆ ಗೋಡೆಯ ಮೇಲೂ ಹೆಸರು. ಒಡೆತನದ ಭಾವನೆ ಹುಟ್ಟುವುದೇ ಇಲ್ಲಿ. ಸಾಧ್ಯವಾದಷ್ಟು ದಿನ ತಂದದ್ದನ್ನು ವಾಪಸು ಒಯ್ಯಿರಿ.

ನಿರ್ವಹಣೆಯ ಬಗ್ಗೆ ಪಾರ್ಕಿನ ಅಧಿಕಾರಿಗಳ ಜೊತೆ ಲಿಖಿತ ಒಪ್ಪಂದ ಇಲ್ಲದೆ ಒಂದು ಕಲ್ಲೂ ಇಡಬೇಡಿ. ಬಲ್ಬು ಸುಟ್ಟರೆ ಯಾರು ಹಾಕುತ್ತಾರೆ, ಕಸ ಯಾರು ಎತ್ತುತ್ತಾರೆ, ಯಾರಾದರೂ ಬಿದ್ದು ಪೆಟ್ಟಾದರೆ ಹೊಣೆ ಯಾರದು ಎಂಬುದು ಅದರಲ್ಲಿ ಇರಬೇಕು. ಕಟ್ಟಲು ದುಡ್ಡು ಕೊಡುವವರು ಸುಲಭವಾಗಿ ಸಿಗುತ್ತಾರೆ, ಐದನೇ ವರ್ಷ ಬಣ್ಣ ಹೊಡೆಸಲು ಸಿಗುವುದಿಲ್ಲ.

ಚಾವಣಿ ಮೊದಲೇ ಬೇಕೇ ಎಂದೂ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಮರದ ನೆರಳು ಇದ್ದಲ್ಲಿ ನೀರು ಇಂಗುವ ನೆಲಹಾಸು, ಒಂದಿಷ್ಟು ಆಸನ, ಒಂದು ದೀಪ ಸಾಕು. ಮರದ ಬುಡಕ್ಕೆ ಕಾಂಕ್ರೀಟು ಹಾಕಬೇಡಿ. ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುವುದರಿಂದ ಅಲ್ಲಿ ಮಣ್ಣು ಗಟ್ಟಿಯಾದರೆ ಮರ ನಿಧಾನವಾಗಿ ಸಾಯುತ್ತದೆ. ಕಂಬ ನಿಲ್ಲಿಸುವ ಜಾಗಗಳನ್ನು ಬೇರುಗಳಿಂದ ದೂರದಲ್ಲಿ ಗುರುತು ಮಾತ್ರ ಮಾಡಿಟ್ಟುಕೊಳ್ಳಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಚಾವಣಿ ಎಲ್ಲಿ, ಎಷ್ಟು ಬೇಕು ಎಂದು ಅಲ್ಲಿ ನಿತ್ಯ ಕೂರುವವರನ್ನೇ ಕೇಳಿ.