ಬಿಸಿಯೇ ಆಗದಿದ್ದರೆ ಹೀರಿಕೊಂಡ ಉಷ್ಣ ಎಲ್ಲಿ ಹೋಯಿತು?

ನೀವು ಕೇಳಿದ್ದು ಇಷ್ಟು: ಐಸೋಥರ್ಮಲ್ ವಿಸ್ತರಣೆಯಲ್ಲಿ ತಾಪಮಾನ ಬದಲಾಗುವುದೇ ಇಲ್ಲ, ಆದರೂ ಅನಿಲ ಉಷ್ಣ ಹೀರಿಕೊಳ್ಳುತ್ತದೆ ಅಂತ ಪುಸ್ತಕದಲ್ಲಿ ಯಾಕಿದೆ? ನಾನು ಕುಶಾಲನಗರದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ವರ್ಷಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಯಾರೂ ಕೇಳದಿದ್ದರೆ ನನಗೇ ಅನುಮಾನ, ಪಾಠ ಯಾರ ತಲೆಗೂ ಹೋಗಲಿಲ್ಲವೇನೋ ಅಂತ.

ಉಷ್ಣ ಕೊಟ್ಟರೆ ಬಿಸಿಯಾಗಲೇಬೇಕು ಅಂದುಕೊಳ್ಳುವುದರಲ್ಲೇ ತೊಡಕಿರುವುದು. ಮಳೆಗಾಲದಲ್ಲಿ ಪೇಪರಿನಲ್ಲಿ ಹಾರಂಗಿ ಜಲಾಶಯದ ಲೆಕ್ಕ ನೋಡಿರುತ್ತೀರಿ: ಮಟ್ಟ, ಒಳಹರಿವು, ಹೊರಹರಿವು. ಡ್ಯಾಂ ತುಂಬಿದ ಮೇಲೆ ಮಟ್ಟ 2859 ಅಡಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಂತ ನೀರೇ ಬರುತ್ತಿಲ್ಲ ಅಂತ ಯಾರೂ ಹೇಳುವುದಿಲ್ಲ, ಬಂದಷ್ಟನ್ನೂ ನದಿಗೆ ಬಿಡುತ್ತಿರುತ್ತಾರೆ. ಆದರ್ಶ ಅನಿಲದಲ್ಲಿ (ಅಣುಗಳ ನಡುವೆ ಸೆಳೆತವೇ ಇಲ್ಲ ಅಂತ ಲೆಕ್ಕಕ್ಕೆ ಇಟ್ಟುಕೊಂಡ ಅನಿಲ) ಆಂತರಿಕ ಶಕ್ತಿಯೇ, ಅಂದರೆ ಅಣುಗಳ ಓಡಾಟದ ಶಕ್ತಿಯೇ ಆ ಮಟ್ಟ. ಅದು ತಾಪಮಾನದ ಮೇಲೆ ಮಾತ್ರ ನಿಂತಿದೆ. ಉಷ್ಣ ಒಳಹರಿವು, ಪಿಸ್ಟನ್ ತಳ್ಳುವ ಕೆಲಸ ಹೊರಹರಿವು. ಹಿಂದೆ ಸರಿಯುತ್ತಿರುವ ಪಿಸ್ಟನ್‌ಗೆ ಬಡಿದ ಅಣು ಸ್ವಲ್ಪ ವೇಗ ಕಳೆದುಕೊಂಡು ವಾಪಸಾಗುತ್ತದೆ. ಕಳೆದದ್ದನ್ನು ಸಿಲಿಂಡರಿನ ಬೆಚ್ಚಗಿನ ಗೋಡೆ ತುಂಬಿಕೊಡುತ್ತದೆ. ನೀವು ಹುಡುಕುತ್ತಿರುವ ಉಷ್ಣ ಅದೇ.

ಕೆಲಸ = ಮೋಲ್ ಸಂಖ್ಯೆ × 8.314 (ಅನಿಲ ಸ್ಥಿರಾಂಕ) × ಕೆಲ್ವಿನ್‌ನಲ್ಲಿ ತಾಪಮಾನ × (ಕೊನೆಯ ಗಾತ್ರ ÷ ಮೊದಲ ಗಾತ್ರ)ದ ನ್ಯಾಚುರಲ್ ಲಾಗ್. 300 ಕೆಲ್ವಿನ್‌ನಲ್ಲಿ (ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್, ಆಷಾಢದ ಮಡಿಕೇರಿಯಲ್ಲಿ ಕನಸಿನ ಮಾತು) 1 ಮೋಲ್ ಅನಿಲದ ಗಾತ್ರ ನಿಧಾನವಾಗಿ ಎರಡರಷ್ಟಾದರೆ ಸುಮಾರು 1729 ಜೂಲ್. ಒಂದು ಸಣ್ಣ ಲೋಟ, ಅಂದರೆ 100 ಮಿಲಿ ಕಾಫಿಯನ್ನು 4 ಡಿಗ್ರಿ ಬಿಸಿ ಮಾಡುವಷ್ಟು.

"ನಿಧಾನವಾಗಿ" ಅನ್ನುವುದನ್ನು ಮಕ್ಕಳು ಓದದೇ ದಾಟುತ್ತಾರೆ. ಬೈಕ್ ಟೈರಿನ ವಾಲ್ವ್ ಪಿನ್ ಒತ್ತಿ ನೋಡಿ, ಬುಸ್ಸೆಂದು ಬರುವ ಗಾಳಿಗೆ ಬೆರಳು ತಣ್ಣಗಾಗುತ್ತದೆ. ಹೊರಗಿನಿಂದ ಉಷ್ಣ ಬರುವಷ್ಟು ಪುರುಸೊತ್ತಿಲ್ಲ, ಗಾಳಿ ತನ್ನ ಗಂಟನ್ನೇ ಕರಗಿಸುತ್ತದೆ. ಅದು ಐಸೋಥರ್ಮಲ್ ಅಲ್ಲ. ಸ್ಲೋ ಪಂಕ್ಚರ್ ಆಗಿ ಬೆಳಗಾಗುವಷ್ಟರಲ್ಲಿ ಕೂತುಹೋದ ಟೈರನ್ನು ಮುಟ್ಟಿದರೆ ಮಾತ್ರ ತಣ್ಣಗಿರುವುದಿಲ್ಲ. ರಾತ್ರಿಯಿಡೀ ಶೆಡ್ಡಿನ ಗಾಳಿಯಿಂದ ರಬ್ಬರಿನ ಮೂಲಕ ಉಷ್ಣ ಒಳಗೆ ಬರುತ್ತಲೇ ಇತ್ತು. ಪಂಕ್ಚರಿಗೆ ಕೊಟ್ಟ ದುಡ್ಡಿಗೆ ನನಗೆ ದಕ್ಕಿದ ಉದಾಹರಣೆ ಇದು!

ಇನ್ನು, ಅನಿಲ ನಿರ್ವಾತಕ್ಕೆ ನುಗ್ಗಿದರೆ ತಳ್ಳಲು ಎದುರು ಏನೂ ಇಲ್ಲ. ಕೆಲಸವೂ ಸೊನ್ನೆ, ಉಷ್ಣವೂ ಸೊನ್ನೆ. ಅಲ್ಲಿ ಮೇಲಿನ ಸೂತ್ರ ಹಾಕಬೇಡಿ.

ಕೊನೆಗೆ ಚಿಹ್ನೆಯ ತಂಟೆ. ಫಿಸಿಕ್ಸ್ ಪುಸ್ತಕ ಅನಿಲ ಮಾಡಿದ ಕೆಲಸವನ್ನು ಎಣಿಸುತ್ತದೆ, ಕೆಮಿಸ್ಟ್ರಿ ಪುಸ್ತಕ ಅನಿಲದ ಮೇಲೆ ಆದ ಕೆಲಸವನ್ನು. ಹಾಗಾಗಿ ಇದೇ ಲೆಕ್ಕಕ್ಕೆ ಒಂದರಲ್ಲಿ ಕೆಲಸ +1729, ಇನ್ನೊಂದರಲ್ಲಿ −1729. ಉಷ್ಣ ಎರಡರಲ್ಲೂ +1729.