ಓದುಗರ ಪ್ರಶ್ನೆ: ಕಷ್ಟದಲ್ಲಿರುವವರ ಮನೆಗೆ ಸಭೆ ಹೋಗುವಾಗ

ಮಳೆ ಹಿಡಿದ ಮೇಲೆ ಮಲೆನಾಡಿನ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಕಷ್ಟಕ್ಕೆ ಸಿಕ್ಕಿ ಕುಗ್ಗಿದ ಕ್ರೈಸ್ತ ವಿಶ್ವಾಸಿಗಳಿಗೆ ಸಭೆ, ಅಂದರೆ ಚರ್ಚಿನ ಬಳಗ, ಆಸರೆಯಾಗುವುದು ಹೇಗೆ? ಅವುಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇವೆ.

ಪ್ರಶ್ನೆ: ನಮ್ಮ ಸಭೆಯ ಒಂದು ಕುಟುಂಬದ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಫಸಲು ಕೈಗೆ ಸಿಕ್ಕಿಲ್ಲ. ಮೇಲೆ ಸೊಸೈಟಿ ಸಾಲ. ಮೂರು ತಿಂಗಳಿಂದ ಆರಾಧನೆಗೂ ಬರುತ್ತಿಲ್ಲ. ಹೋಗಿ ಏನು ಹೇಳಬೇಕೋ ತೋಚುತ್ತಿಲ್ಲ.
— ತೀರ್ಥಹಳ್ಳಿ ತಾಲೂಕಿನ ಓದುಗರು

ಉತ್ತರ: ಹೇಳುವ ಮಾತು ಸಿಗಲಿ ಎಂದು ಕಾಯಬೇಡಿ, ಈ ವಾರವೇ ಹೋಗಿ. ಇಬ್ಬರು ಸಾಕು. ಐದಾರು ಜನ ಒಟ್ಟಿಗೆ ಹೋದರೆ ಮನೆಯಾಕೆಗೆ ಕಾಫಿ-ತಿಂಡಿಯ ಚಿಂತೆ, ಯಜಮಾನರಿಗೆ ವಿಚಾರಣೆಗೇ ಬಂದರೇನೋ ಎಂಬ ಅಳುಕು. ಹಿಂದಿನ ದಿನ ಫೋನ್ ಮಾಡಿ ತಿಳಿಸಿ. ಭಾನುವಾರ ಆರಾಧನೆ ಮುಗಿಸಿ ಅದೇ ಬಟ್ಟೆಯಲ್ಲಿ ನೇರ ಹೋಗಬೇಡಿ, ಹಾಜರಿ ಕೇಳಲು ಬಂದಂತೆ ಕಾಣುತ್ತದೆ. ವಾರದ ನಡುವೆ ಒಂದು ಸಂಜೆ ಒಳ್ಳೆಯದು.

"ಯಾಕೆ ಬರ್ತಿಲ್ಲ?" ಎಂದು ಮಾತು ಶುರು ಮಾಡಲೇಬೇಡಿ. ಆರಾಧನೆ ಬಿಟ್ಟವರೆಲ್ಲ ವಿಶ್ವಾಸ ಬಿಟ್ಟವರಲ್ಲ. ಕಾಣಿಕೆಯ ಚೀಲ ಮುಂದೆ ಬಂದಾಗ ಹಾಕಲು ಏನೂ ಇಲ್ಲದ ಸಂಕೋಚ ಇರಬಹುದು. ಕೈಸಾಲ ಕೊಟ್ಟವರು ಅದೇ ಸಭೆಯಲ್ಲಿ ಎರಡು ಸಾಲು ಹಿಂದೆ ಕೂತಿರಬಹುದು. ಇದನ್ನು ಅವರಾಗಿಯೇ ಹೇಳಿಯಾರು, ನೀವು ಕೆದಕಿದರೆ ಹೇಳಲಾರರು. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು (ಯೋಬ 2:13). ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟಿತು.

ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಇರಿ. ವಾಕ್ಯ ಓದುವುದಾದರೆ 13ನೆಯ ಕೀರ್ತನೆ ಓದಿ. ಆರೇ ವಚನ, "ಎಷ್ಟರ ತನಕ" ಎಂಬ ಮೊರೆಯಿಂದ ಶುರುವಾಗುತ್ತದೆ. ಪೂರ್ತಿ ಓದಿ, ಮೊರೆಯನ್ನು ದಾಟಿಸಿ ಕೊನೆಯ ಸ್ತುತಿಗೆ ಹಾರಬೇಡಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 8:28 (ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗೇ ಆಗುತ್ತದೆ ಎಂಬ ಮಾತು) ಸತ್ಯವೇ, ಆದರೆ ಮೊದಲ ಭೇಟಿಯಲ್ಲಿ ಅದನ್ನು ಹೇಳಿದರೆ ಬಾಯಿ ಮುಚ್ಚಿಸಿದಂತೆ ಆಗುತ್ತದೆ. ಪ್ರಾರ್ಥನೆ ಎರಡು ಮೂರು ನಿಮಿಷ ಸಾಕು. ಸಾಲ, ತೋಟ, ಮಕ್ಕಳ ಫೀಸು ಎಂದು ಒಂದೊಂದನ್ನೂ ಹೆಸರು ಹಿಡಿದು ದೇವರ ಮುಂದಿಡಿ.

"ಏನಾದ್ರೂ ಬೇಕಿದ್ರೆ ಹೇಳಿ" ಎಂದು ಎದ್ದು ಬರಬೇಡಿ, ಯಾರೂ ಹೇಳುವುದಿಲ್ಲ. ದಿನ, ಕೆಲಸ ಎರಡನ್ನೂ ನೀವೇ ಹೇಳಿ: "ಗುರುವಾರ ಮಳೆ ಹೊಳವಾದರೆ ಕೊಳೆರೋಗಕ್ಕೆ ಔಷಧಿ ಹೊಡೆಸೋಣ, ನಾಲ್ಕು ಜನ ಬರ್ತೀವಿ." ಮರ ಹತ್ತುವುದು ಅದರಲ್ಲಿ ಪಳಗಿದ ಕೊನೆಗೌಡರ ಕೆಲಸ, ಯುವಕರನ್ನು ಹತ್ತಿಸಬೇಡಿ. ಕೊನೆಗೌಡರ ಕೂಲಿಯನ್ನು ಸಭೆ ಕೊಡಲಿ. ಯುವಕರು ನೀರು ಹೊತ್ತು ಬೋರ್ಡೋ ದ್ರಾವಣ ಮಾಡಿಕೊಡಲಿ. 1 ಕೆಜಿ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನ ಸುರಿಯುತ್ತ ಕೋಲಿನಿಂದ ಕಲಕಬೇಕು. ತಿರುಗುಮುರುಗು ಮಾಡಿದರೆ ದ್ರಾವಣ ಒಡೆದು ತಳಕ್ಕೆ ಕೂರುತ್ತದೆ. ಉಜ್ಜಿದ ಕತ್ತಿಯನ್ನು ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಂದು ಮಾಡಿದ್ದು ಅಂದೇ ಮುಗಿಯಬೇಕು. ಮೊದಲ ಔಷಧಿ ಆಗಿದ್ದರೆ 40–45 ದಿನಕ್ಕೆ ಎರಡನೆಯದು. ಎಲೆಚುಕ್ಕಿಗೆ ಹೊಡೆಯುವುದು ಬೇರೆ, ಅದನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಮಾಡಿ.

ಇನ್ನೊಂದು ಮಾತು. ಮೊದಲ ವಾರ ಎಲ್ಲರೂ ಬರುತ್ತಾರೆ, ಒಂದೂವರೆ ತಿಂಗಳಾಗುವ ಹೊತ್ತಿಗೆ ಯಾರೂ ಇರುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ: ಎರಡನೆಯ ವಾರ, ಆರನೆಯ ವಾರ, ಅಡಿಕೆ ಕೊಯ್ಲಿನ ಹೊತ್ತು, ಸಾಲದ ಕಂತು ಬರುವ ಮಾರ್ಚ್. ನೆರೆಯವರ ತೋಟದಲ್ಲಿ ಕೊಯ್ಲು ನಡೆದು ಇವರ ಅಂಗಳ ಖಾಲಿ ಇರುವ ದಿನಗಳಲ್ಲೇ ಹೆಚ್ಚು ನೋವಾಗುವುದು.

ಪ್ರಶ್ನೆ: ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ನನ್ನ ವಿಶ್ವಾಸ ಸತ್ತುಹೋಯಿತೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ಇಲ್ಲ, ಅಕ್ಕ. ಸಾಯಬೇಕೆಂದು ಬೇಡಿ ಮರದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವದೂತ ಗದರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಇನ್ನೊಮ್ಮೆ ಎಬ್ಬಿಸಿ ಉಣಿಸಿದ (1 ಅರಸುಗಳು 19). ದೇವರು "ಇಲ್ಲಿ ಏನು ಮಾಡುತ್ತೀ?" ಎಂದು ಕೇಳಿದ್ದು ಆಮೇಲೆ. ನಿಮಗೂ ಮೊದಲು ಬೇಕಾದದ್ದು ನಿದ್ದೆ. ವಾರಕ್ಕೆ ಎರಡು ಮಧ್ಯಾಹ್ನ ಮೂರು ಮೂರು ಗಂಟೆ ಅತ್ತೆಯ ಬಳಿ ಕೂರಲು ಸಭೆಯ ಸ್ತ್ರೀಯರ ಸಂಘದಿಂದ ಇಬ್ಬರನ್ನು ಕೇಳಿ. ಮಗ್ಗುಲು ಬದಲಿಸುವ ಹೊತ್ತು, ಮಾತ್ರೆಯ ಹೊತ್ತು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆಗ ನೀವು ನಿಶ್ಚಿಂತೆಯಿಂದ ಮಲಗಬಹುದು.

ಮಾತು ಬಾರದ ದಿನ 88ನೆಯ ಕೀರ್ತನೆಯನ್ನು ಮೆಲ್ಲಗೆ ಓದಿ, ಸಾಕು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ವೇದದಲ್ಲಿದೆ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದಾಗ ಯೇಸು "ಅವರ", ಅಂದರೆ ಹೊತ್ತು ತಂದವರ, ನಂಬಿಕೆಯನ್ನು ನೋಡಿದನೆಂದು ಮಾರ್ಕ 2ರಲ್ಲಿ ಓದುತ್ತೇವೆ. ಕೆಲವು ಕಾಲ ನಿಮ್ಮ ಪರವಾಗಿ ಬೇರೆಯವರು ಪ್ರಾರ್ಥಿಸಲಿ.

ಎರಡು ವಾರ ದಾಟಿದರೂ ನಿದ್ದೆ, ಊಟ ಸೇರದೆ, ಯಾವುದರಲ್ಲೂ ಆಸೆ ಇಲ್ಲದಂತಾದರೆ ವೈದ್ಯರಿಗೆ ತೋರಿಸಿ. ನಿಮ್ಮೂರ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗುವುದು ಅವಿಶ್ವಾಸವಲ್ಲ.

ಪ್ರಶ್ನೆ: ಮಗುವಿನ ಕಾಯಿಲೆ ನಮ್ಮ ಪಾಪದಿಂದ ಬಂದದ್ದು ಎಂದು ಒಬ್ಬ ಹಿರಿಯರು ಮನೆಗೇ ಬಂದು ಹೇಳಿಹೋದರು.
— ಭದ್ರಾವತಿ

ಉತ್ತರ: ಯೋಹಾನ 9:3 ತೆರೆದು ಓದಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದನ್ನೇ ಕೇಳಿದಾಗ ಕರ್ತನಾದ ಯೇಸು, "ಅಲ್ಲ" ಎಂದು ನೇರವಾಗಿ ಹೇಳಿದನು. ಆ ಹಿರಿಯರ ಜೊತೆ ನೀವು ವಾದಕ್ಕಿಳಿಯಬೇಡಿ, ಅದನ್ನು ಸಭಾಪಾಲಕರು ಮಾತಾಡಲಿ. ಮಗುವಿನ ಚಿಕಿತ್ಸೆ ಒಂದು ದಿನವೂ ನಿಲ್ಲಬಾರದು.

ಪ್ರಶ್ನೆ: ಆಪರೇಷನ್‌ಗೆಂದು ಒಬ್ಬ ಸಹೋದರರಿಗೆ ಹಣ ಕೂಡಿಸಿದೆವು. ಈಗ ಲೆಕ್ಕದ ಬಗ್ಗೆ ಗುಸುಗುಸು.
— ಯುವಜನ ಸಂಘ, ಸಾಗರ

ಉತ್ತರ: ಗುಸುಗುಸು ಹುಟ್ಟುವುದು ಒಬ್ಬರ ಜೇಬಿನಲ್ಲಿ ಹಣ ಇದ್ದಾಗ. ಅಪೊಸ್ತಲ ಪೌಲನು ಸಹಾಯದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸದಂತೆ ಬೇರೆಯವರನ್ನು ಜೊತೆಗಿಟ್ಟುಕೊಂಡನು (2 ಕೊರಿಂಥ 8:20-21). ಮುಂದೆ ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ರಸೀದಿ ಕೊಡಿ. ಹಣವನ್ನು ಆಸ್ಪತ್ರೆಯ ಬಿಲ್ಲಿಗೇ ಕಟ್ಟಿ. ಒಟ್ಟು ಮೊತ್ತ, ಖರ್ಚು ಇಷ್ಟನ್ನೇ ಸಭೆಗೆ ಓದಿ ಹೇಳಿ. ಯಾರು ಎಷ್ಟು ಕೊಟ್ಟರೆಂದು ಓದಬೇಡಿ. ಹಾಸಿಗೆಯ ಮೇಲಿರುವ ರೋಗಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದು ಬೇಡವೇ ಬೇಡ. ಅವರ ಮಾನವೂ ನಮ್ಮ ಕೈಯಲ್ಲೇ ಇದೆ.

ಹಣ ಕೂಡಿಸುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ. 30. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ನೇರ ಖಾಸಗಿಗೆ ಸೇರಿದರೆ ಹೊರೆಯೆಲ್ಲ ಕುಟುಂಬದ ಮೇಲೆ ಬೀಳುತ್ತದೆ.

ಪ್ರಶ್ನೆ: ಎಂಬತ್ತು ದಾಟಿದ ನಮ್ಮ ತಂದೆಗೆ ಮಳೆಗಾಲ ಮುಗಿಯುವವರೆಗೂ ದೇವಾಲಯಕ್ಕೆ ಹೋಗಲಾಗುವುದಿಲ್ಲ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಮಂಕಾಗಿದ್ದಾರೆ.
— ಹೊಸನಗರ ತಾಲೂಕು

ಉತ್ತರ: ಪ್ರಭುಭೋಜನವನ್ನು ತಿಂಗಳಿಗೊಮ್ಮೆ ಮನೆಗೆ ತರುವಂತೆ ಸಭಾಪಾಲಕರನ್ನು ಕೇಳಿ, ಕಥೋಲಿಕರಾದರೆ ಪರಮಪ್ರಸಾದಕ್ಕಾಗಿ ಫಾದರ್ ಬಳಿ ಹೇಳಿ. ಪ್ರಸಂಗಗಳನ್ನೂ ಹಾಡುಗಳನ್ನೂ ಮೆಮೊರಿ ಕಾರ್ಡ್‌ಗೆ ತುಂಬಿಸಿ, ಬ್ಯಾಟರಿಯ ಸಣ್ಣ ರೇಡಿಯೊಗೆ ಹಾಕಿಕೊಡಿ. ಆದರೆ ಕೇಳಿಸಿಕೊಳ್ಳುವುದಷ್ಟೇ ಉಳಿದರೆ ಮಂಕು ಹೋಗದು, ಅವರಿಗೊಂದು ಕೆಲಸ ಬೇಕು. ಸಭೆಯಲ್ಲಿ ಪ್ರಾರ್ಥನೆ ಬೇಡಿದ ಏಳೆಂಟು ಜನರ ಹೆಸರನ್ನು, ಅವರ ಒಪ್ಪಿಗೆ ಪಡೆದು, ದೊಡ್ಡ ಅಕ್ಷರದಲ್ಲಿ ಬರೆದು ತಂದೆಯವರ ಕೈಗೆ ಕೊಡಿ. ತಿಂಗಳಿಗೊಮ್ಮೆ ಪಟ್ಟಿ ಬದಲಿಸುವಾಗ ಯಾರಿಗೆ ಏನಾಯಿತೆಂದು ತಪ್ಪದೆ ತಿಳಿಸಿ.