ತಗಡು ತಟ್ಟಿ ನೋಡಿ ಮಕ್ಕಳಿಗೆ ಕಾರು ಕೊಡಿಸಬೇಡಿ

ಅಪಘಾತವಾದ ಕಾರುಗಳನ್ನು ಪರಿಶೀಲಿಸಿ, ಏನು ಮುರಿದಿದೆ, ಯಾಕೆ ಮುರಿದಿದೆ, ವಿಮೆ ಎಷ್ಟು ಕೊಡಬೇಕು ಎಂದು ವರದಿ ಬರೆಯುವುದು ನನ್ನ ಕೆಲಸ. ಮಕ್ಕಳಿಗೆ ಹೊಸದಾಗಿ ಲೈಸೆನ್ಸ್ ಬಂದ ಅಪ್ಪ ಅಮ್ಮಂದಿರು ನನಗೆ ಕೇಳುವ ಪ್ರಶ್ನೆಗಳು ವರ್ಷಗಳಿಂದ ಬದಲಾಗಿಲ್ಲ. ಕುಡಿದು ಓಡಿಸಬಾರದು, ಬೆಲ್ಟ್ ಹಾಕಬೇಕು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತು. ಮೊದಲನೇ ಪ್ರಶ್ನೆ ಮಾತ್ರ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಅದಕ್ಕೇ.

ಪ್ರಶ್ನೆ: ಮಗನಿಗೆ ಈಗಷ್ಟೇ ಲೈಸೆನ್ಸ್ ಬಂದಿದೆ. ಹೇಗಿದ್ದರೂ ಶುರುವಿನಲ್ಲಿ ಅಲ್ಲಿ ಇಲ್ಲಿ ಗುದ್ದುತ್ತಾನೆ. ಅದಕ್ಕೇ ಹಳೇ ಕಾಲದ, ಗಟ್ಟಿ ಕಬ್ಬಿಣದ ಕಾರೊಂದನ್ನು ಅಗ್ಗಕ್ಕೆ ನೋಡಿದ್ದೇವೆ. ಈಗಿನ ಕಾರುಗಳ ತಗಡು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಹಳೆಯದೇ ಸುರಕ್ಷಿತ ಅಲ್ವಾ?

ಅಲ್ಲ. ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ, ಗುದ್ದಿಸಿಯೇ ನೋಡಿದ್ದಾರೆ. 2009ರಲ್ಲಿ ಅಮೆರಿಕದ ಐಐಎಚ್‌ಎಸ್ ಎಂಬ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಎದುರುಬದುರು ಓಡಿಸಿ ಗುದ್ದಿಸಿತು. ಈ ಸಂಸ್ಥೆಯನ್ನು ನಡೆಸುವುದು ವಿಮಾ ಕಂಪನಿಗಳ ಹಣ. ಎರಡೂ ಕಾರಿನ ವೇಗ ಗಂಟೆಗೆ ಸುಮಾರು 64 ಕಿ.ಮೀ. ತೂಕವೂ ಹೆಚ್ಚುಕಮ್ಮಿ ಒಂದೇ. ಬೆಲ್ ಏರ್ ನೋಡಲು ಕೋಟೆಯಂಥ ಕಾರು. ಆದರೆ ಗುದ್ದಿದ ಕ್ಷಣ ಅದರ ಚಾಲಕ ಕೂರುವ ಜಾಗವೇ ಕುಸಿಯಿತು. ಗಾಜಿನ ಪಕ್ಕದ ಕಂಬ ಮಡಚಿತು. ಸ್ಟೀರಿಂಗ್ ಎದೆಯ ಕಡೆಗೆ ನುಗ್ಗಿತು. ಆ ಸೀಟಿನಲ್ಲಿ ಮನುಷ್ಯ ಇದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಮೂತಿ ಪೂರ್ತಿ ನಜ್ಜುಗುಜ್ಜಾಯಿತು, ಒಳಗಿನ ಜಾಗ ಹಾಗೇ ಉಳಿಯಿತು. ಅದರ ಚಾಲಕನಿಗೆ ಕಾಲಿಗೆ ಪೆಟ್ಟಾಗುತ್ತಿತ್ತು, ಅಷ್ಟೇ. ವಿಡಿಯೋ ಸಿಗುತ್ತದೆ. ಮನೆಮಂದಿಯೆಲ್ಲ ಕೂತು ನೋಡಿ.

ಯಾಕೆ ಹೀಗೆ ಅಂದರೆ, ಮೂತಿ ಕುಗ್ಗಲಿ ಅಂತಲೇ ಅದನ್ನು ಹಾಗೆ ಮಾಡಿರುತ್ತಾರೆ. ಕಾರು 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿತು ಅಂತಿಟ್ಟುಕೊಳ್ಳಿ. ಒಳಗಿರುವ ಮಗನೂ ಅದೇ ವೇಗದಲ್ಲಿದ್ದಾನೆ. ಅವನು ನಿಲ್ಲಲೇಬೇಕು. ಎಷ್ಟು ದೂರದಲ್ಲಿ ನಿಲ್ಲುತ್ತಾನೆ ಎಂಬುದರ ಮೇಲೆ ಅವನ ಪ್ರಾಣ ನಿಂತಿದೆ. ಮೂತಿ ಗಟ್ಟಿಯಾಗಿದ್ದು 20 ಸೆಂ.ಮೀ. ಮಾತ್ರ ಕುಗ್ಗಿದರೆ, ಬೆಲ್ಟ್ ಹಾಕಿದ್ದರೂ ಅವನ ದೇಹದ ಮೇಲೆ ಬೀಳುವ ಬಲ ಸರಾಸರಿ ಅವನ ತೂಕದ 49 ಪಟ್ಟು. ಮೂತಿ 70 ಸೆಂ.ಮೀ. ಕುಗ್ಗಿದರೆ 14 ಪಟ್ಟು. ಮಗ ಅವನೇ, ವೇಗವೂ ಅದೇ. ಮೊದಲನೆಯದು ಪ್ರಾಣಕ್ಕೇ ಕುತ್ತು. ಎರಡನೆಯದರಲ್ಲಿ ಬೆಲ್ಟಿನ ಗಾಯದೊಂದಿಗೆ ನಡೆದುಕೊಂಡೇ ಆಚೆ ಬರಬಹುದು. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬರೇನಿಗೆ ಇದು 1950ರ ದಶಕದಲ್ಲೇ ಹೊಳೆದಿತ್ತು: ಮೂತಿ ಮೆತ್ತಗಿರಲಿ, ಮನುಷ್ಯ ಕೂರುವ ಡಬ್ಬಿ ಗಟ್ಟಿಯಿರಲಿ.

ನೀವು ಬೆರಳಲ್ಲಿ ಒತ್ತಿ ನೋಡುವ ಬಾಗಿಲಿನ ತಗಡು ಬರೀ ಹೊದಿಕೆ. ಗುದ್ದನ್ನು ತಡೆಯುವುದು ಅದರ ಒಳಗಿರುವ ಅಡ್ಡಪಟ್ಟಿ, ಕಂಬಗಳು, ಬಾಗಿಲ ಕೆಳಗಿನ ಹೊಸ್ತಿಲು. ಅವುಗಳಿಗೆ ಬಳಸುವ ಉಕ್ಕು ಹಳೇ ಕಾರಿನ ಉಕ್ಕಿಗಿಂತ ಎಷ್ಟೋ ಪಾಲು ಬಲವಾದದ್ದು. ಅದು ಹೊರಗಿನಿಂದ ಕಾಣುವುದಿಲ್ಲ. ವಿಡಿಯೋದಲ್ಲಿ ಕಾರಿನ ಬಾನೆಟ್ ಮೇಲೆ ಟಕ್ ಟಕ್ ಅಂತ ಬಡಿದು, ‘ನೋಡಿ, ಎಂಥಾ ಬಿಲ್ಡ್ ಕ್ವಾಲಿಟಿ’ ಅನ್ನುವವರಿದ್ದಾರಲ್ಲ, ಅವರ ಮಾತು ಕೇಳಿ ಮಕ್ಕಳ ಜೀವ ಪಣಕ್ಕಿಡಬೇಡಿ. ಬಡಿದ ಸದ್ದಿನಿಂದ ಸುರಕ್ಷತೆ ಗೊತ್ತಾಗುವುದೇ ಇಲ್ಲ. ಬಾಗಿಲು ಹಾಕಿದಾಗ ಬರುವ ‘ಧಪ್’ ಸದ್ದೂ ಅಷ್ಟೇ, ಅದನ್ನು ಬೇಕೆಂದೇ ಹಾಗೆ ಹೊಂದಿಸಿರುತ್ತಾರೆ.

ಹಳೇ ಕಾರಿನಲ್ಲಿ ಇಲ್ಲದ ಇನ್ನೊಂದು ವಸ್ತುವಿದೆ. ನನ್ನ ಮಟ್ಟಿಗೆ ಅದಿಲ್ಲದೆ ಮಾತೇ ಇಲ್ಲ. ಅದು ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ತಿರುವಿನಲ್ಲಿ ವೇಗ ಜಾಸ್ತಿಯಾಗಿ ಕಾರು ಜಾರತೊಡಗಿದಾಗ ಬೇಕಾದ ಒಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ, ಕಾರನ್ನು ದಾರಿಗೆ ತರುವ ವ್ಯವಸ್ಥೆ ಇದು. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಹೊಸ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ಪರೀಕ್ಷೆ ಮಾಡುತ್ತಿದ್ದರು. ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಹಾಗೆ ಸರಕ್ಕನೆ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಕಾರು ಮಗುಚಿಯೇ ಬಿತ್ತು. ಆಮೇಲೆ ಕಂಪನಿ ಆ ಮಾಡೆಲಿನ ಎಲ್ಲಾ ಕಾರಿಗೂ ಇಎಸ್‌ಸಿ ಹಾಕಿತು. ಹೊಸಬರು ಮಾಡುವ ತಪ್ಪೂ ಇಂಥದ್ದೇ: ತಿರುವಿಗೆ ವೇಗವಾಗಿ ಬರುತ್ತಾರೆ, ಗಾಬರಿಯಾಗಿ ಸ್ಟೀರಿಂಗ್ ಎಳೆಯುತ್ತಾರೆ, ಮತ್ತೆ ಆ ಕಡೆಗೆ ಎಳೆಯುತ್ತಾರೆ. ಬೇರೆ ಗಾಡಿಯ ಹಂಗಿಲ್ಲದೆ ಕಾರು ತಾನೇ ರಸ್ತೆ ಬಿಟ್ಟು ಹೋಗುವ ಮಾರಣಾಂತಿಕ ಅಪಘಾತದ ಅಪಾಯವನ್ನು ಇಎಸ್‌ಸಿ ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಐಐಎಚ್‌ಎಸ್ ಲೆಕ್ಕ ಹಾಕಿದೆ. ಅಮೆರಿಕದಲ್ಲಿ 2012ರ ಮಾಡೆಲಿನಿಂದ, ಯುರೋಪಿನ ಒಕ್ಕೂಟದಲ್ಲಿ 2014ರ ಕೊನೆಯಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಬೇರೆ ಕಡೆ ಕಾರಿನಿಂದ ಕಾರಿಗೆ ಕೇಳಿ ತಿಳಿಯಬೇಕು. ಎಬಿಎಸ್ ಇದೆ, ಸಾಕು ಅನ್ನುವ ಮಾರಾಟಗಾರನ ಮಾತಿಗೆ ತಲೆಯಾಡಿಸಬೇಡಿ. ಎಬಿಎಸ್ ಮಾಡುವುದು ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು, ಅಷ್ಟೇ. ಎರಡೂ ಒಂದೇ ಅಲ್ಲ.

ತೂಕದ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜವಿದೆ. ಹಗುರ ಕಾರಿಗೆ ಭಾರದ ಕಾರು ಗುದ್ದಿದರೆ ಹಗುರದ್ದಕ್ಕೇ ಏಟು ಜಾಸ್ತಿ. ಹದಿಹರೆಯದವರಿಗೆಂದು ಐಐಎಚ್‌ಎಸ್ ಕಾರುಗಳ ಪಟ್ಟಿ ಮಾಡಿದಾಗ ಸುಮಾರು 1250 ಕೆ.ಜಿ.ಗಿಂತ ಕಡಿಮೆಯವನ್ನು ಬಿಟ್ಟಿದ್ದು ಇದಕ್ಕೇ. ಆದರೆ ತೂಕ ಬೇಕೆಂದು ಇಎಸ್‌ಸಿ, ಏರ್‌ಬ್ಯಾಗ್ ಇಲ್ಲದ ಗಾಡಿಯನ್ನು ಕೊಡಿಸುವುದು ಸರಿಯಲ್ಲ. ಮಧ್ಯಮ ಗಾತ್ರ, ಕಡಿಮೆ ಶಕ್ತಿಯ ಎಂಜಿನ್, ಇಎಸ್‌ಸಿ, ಮುಂದೆಯೂ ಪಕ್ಕದಲ್ಲೂ ಏರ್‌ಬ್ಯಾಗ್, ಒಳ್ಳೆಯ ಕ್ರ್ಯಾಶ್ ಪರೀಕ್ಷೆಯ ಫಲಿತಾಂಶ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಸಿಕ್ಕರೆ ಬಿಡಬೇಡಿ, ಮುಂದಿನ ಗಾಡಿಯ ಹಿಂಬದಿಗೆ ಗುದ್ದುವುದು ಅದರಿಂದ ಅರ್ಧದಷ್ಟು ಕಡಿಮೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಪಾಲಿಶ್ ನೋಡುವ ಮೊದಲು ಒಳಗೆ ಕೂತುಕೊಳ್ಳಿ. ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು, ಯಾರೋ ದೀಪಕ್ಕೇ ಕೈ ಹಾಕಿರುವ ಸಾಧ್ಯತೆ ಇದೆ. ಆಮೇಲೆ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಭುಜದ ಹತ್ತಿರ ಬೆಲ್ಟ್ ಹಾದುಹೋಗುವ ಬಳೆಯ ಪ್ಲಾಸ್ಟಿಕ್ ಕರಗಿ ಗೀರುಬಿದ್ದಂತಿದ್ದರೆ, ಅದಕ್ಕೆ ಉಜ್ಜಿದ ಜಾಗದಲ್ಲಿ ಬೆಲ್ಟಿನ ನೂಲು ಬಿರುಸಾಗಿ ಹೊಳೆಯುತ್ತಿದ್ದರೆ, ಆ ಬೆಲ್ಟ್ ಹಿಂದೊಮ್ಮೆ ದೊಡ್ಡ ಅಪಘಾತದಲ್ಲಿ ಯಾರನ್ನೋ ಹಿಡಿದು ನಿಲ್ಲಿಸಿದೆ. ಆಗಲೇ ಬದಲಿಸಬೇಕಿತ್ತು. ಬೆಲ್ಟನ್ನೇ ಬದಲಿಸದವರು ಏರ್‌ಬ್ಯಾಗ್ ಬದಲಿಸಿರುತ್ತಾರಾ? ಸ್ಟೀರಿಂಗಿನ ಮುಚ್ಚಳ ತೆಗೆದಾಗ ಒಳಗೆ ಏರ್‌ಬ್ಯಾಗ್ ಇರಬೇಕಾದ ಕಡೆ ಬಟ್ಟೆ ತುರುಕಿದ್ದ ಕಾರನ್ನು ನಾನು ಕಣ್ಣಾರೆ ನೋಡಿದ್ದೇನೆ. ದೀಪ ಸರಿಯಾಗಿ ಹತ್ತಿ ಆರಲಿ ಅಂತ ವೈರಿಗೆ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸಿದ್ದರು. ಇಂಥ ಕೆಲಸ ಮಾಡುವವನನ್ನು ಮೆಕ್ಯಾನಿಕ್ ಅಂತ ಕರೆಯಲು ನನಗೆ ಮನಸ್ಸಿಲ್ಲ. ಹಾಗಾಗಿ ದೀಪ ಒಂದನ್ನೇ ನಂಬಬೇಡಿ. ಹಿಂದಿನ ಕ್ಲೇಮುಗಳ ದಾಖಲೆ ಕೇಳಿ. ಮುಂಭಾಗಕ್ಕೆ ಗುದ್ದಿದ ಇತಿಹಾಸವಿದ್ದರೆ ತರಬೇತಿ ಇರುವವರಿಂದಲೇ ಬಿಚ್ಚಿಸಿ ನೋಡಿ, ನೀವು ಕೈ ಹಾಕಬೇಡಿ.

ಚಾಸಿ ನಂಬರ್ ಕೊಟ್ಟು ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆದದ್ದು, ಇದೆಯಾ ಅಂತ ಕಂಪನಿಯನ್ನು ಕೇಳಿ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗುಗಳನ್ನು ಉಬ್ಬಿಸಲು ಒಳಗೆ ಇಟ್ಟಿದ್ದ ಅಮೋನಿಯಂ ನೈಟ್ರೇಟ್ ಬಿಸಿ, ತೇವದಲ್ಲಿ ವರ್ಷಗಟ್ಟಲೆ ಇದ್ದು ಕೆಟ್ಟು, ಉಬ್ಬುವಾಗ ಲೋಹದ ಚೂರುಗಳು ಸಿಡಿದು ಜನ ಸತ್ತಿದ್ದಾರೆ. ಹತ್ತಾರು ಕಂಪನಿಗಳ ಕೋಟ್ಯಂತರ ಕಾರುಗಳಲ್ಲಿ ಅವು ಇದ್ದವು. ಬದಲಿಸದೆ ಓಡುತ್ತಿರುವ ಹಳೇ ಕಾರುಗಳು ಇನ್ನೂ ಇವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳವಿದ್ದರೂ ಹಳೇ ರಬ್ಬರ್ ಹಳೆಯದೇ.

ಇಷ್ಟೆಲ್ಲ ಇರುವ ಕಾರಿಗೆ ಹಣ ಸಾಲದು ಅನ್ನುತ್ತೀರಾ? ನಿಮ್ಮ ಮನೆಯಲ್ಲೇ ಒಂದು ಇದೆಯಲ್ಲ, ನೀವು ಓಡಿಸುವುದು. ಅದನ್ನು ಮಗನಿಗೆ ಕೊಡಿ, ಅವನಿಗೆ ನೋಡಿದ ಹಳೆಯದನ್ನು ನೀವು ತೆಗೆದುಕೊಳ್ಳಿ. ಈ ಮಾತು ಹೇಳಿದಾಗ ಎಲ್ಲರೂ ಸುಮ್ಮನಾಗುತ್ತಾರೆ. ಆದರೂ ನಾನು ಹೇಳುವುದು ಬಿಡುವುದಿಲ್ಲ. ಗುದ್ದುವ ಸಾಧ್ಯತೆ ಹೆಚ್ಚಿರುವವನ ಹತ್ತಿರವೇ ಒಳ್ಳೆಯ ಕಾರು ಇರಬೇಕು.

ಪ್ರಶ್ನೆ: ಮಗಳ ಹೆಸರಿನಲ್ಲಿ ಕೇಳಿದರೆ ಪ್ರೀಮಿಯಂ ಗಗನಕ್ಕಿದೆ. ಪಾಲಿಸಿಯಲ್ಲಿ ಮುಖ್ಯ ಚಾಲಕಿ ನಾನೇ ಅಂತ ಬರೆಸಿ, ಅವಳು ಓಡಿಸಿದರೆ ಆಗದೇ? ಏಜೆಂಟ್ ಎಲ್ಲರೂ ಹಾಗೇ ಮಾಡುತ್ತಾರೆ ಅಂದರು.

ಆ ಏಜೆಂಟನ್ನು ಇವತ್ತೇ ಬಿಡಿ. ದಿನಾ ಓಡಿಸುವವರು ಯಾರೆಂದು ಕಂಪನಿ ಕೇಳುವ ಕಡೆಗಳಲ್ಲಿ ಇದು ಸುಳ್ಳು ಹೇಳಿಕೆ. ಸಣ್ಣಪುಟ್ಟ ಗೀರಿನ ಕ್ಲೇಮ್ ಪಾಸಾಗಬಹುದು. ದೊಡ್ಡ ಅಪಘಾತವಾದರೆ ನನ್ನಂಥವರು ಬರುತ್ತೇವೆ. ಕಾರು ದಿನಾ ಎಲ್ಲಿ ನಿಲ್ಲುತ್ತಿತ್ತು, ಸೀಟು ಯಾರ ಎತ್ತರಕ್ಕೆ ಹೊಂದಿಸಿದೆ, ಫೋನ್ ಯಾರದ್ದು ಜೋಡಿಸಿದೆ ಎಂದು ನೋಡುತ್ತೇವೆ. ಕ್ಲೇಮ್ ತಿರಸ್ಕಾರವಾದರೆ ಎದುರಿನವರಿಗೆ ಕೊಡಬೇಕಾದ ಪರಿಹಾರ ನಿಮ್ಮ ತಲೆಗೇ ಬರಬಹುದು.

ಪ್ರೀಮಿಯಂ ಇಳಿಸುವ ನೇರ ದಾರಿಗಳಿವೆ. ಅಡ್ವಾನ್ಸ್ ಕೊಡುವ ಮುಂಚೆಯೇ ಎರಡು ಮೂರು ಮಾಡೆಲಿಗೆ ವಿಮೆಯ ಲೆಕ್ಕ ತರಿಸಿಕೊಳ್ಳಿ. ಒಂದೇ ಕಾರಿನಲ್ಲಿ ಟರ್ಬೊ ಎಂಜಿನ್ನಿನದಕ್ಕೂ ಸಾಧಾರಣ ಎಂಜಿನ್ನಿನದಕ್ಕೂ ವ್ಯತ್ಯಾಸ ಇರುತ್ತದೆ. ಜಾಸ್ತಿ ಮಾರಾಟವಾಗಿ, ಬಿಡಿಭಾಗ ಸುಲಭವಾಗಿ ಸಿಗುವ ಮಾಡೆಲ್ ನೋಡಿ. ರಿಪೇರಿ ಅಗ್ಗವಾದಷ್ಟೂ ವಿಮೆ ಅಗ್ಗ. ದೊಡ್ಡ ಅಲಾಯ್ ಚಕ್ರ, ಗಾಜಿನ ಛಾವಣಿ ಬೇಡ. ಮೊದಲ ಒಂದಿಷ್ಟು ಖರ್ಚು ನಾವೇ ಹಾಕಿಕೊಳ್ಳುತ್ತೇವೆ ಎಂದು ಒಪ್ಪಿದರೂ ಇಳಿಯುತ್ತದೆ, ಆದರೆ ಆ ಮೊತ್ತ ನಿಜಕ್ಕೂ ಕೈಯಲ್ಲಿರಬೇಕು. ಚಾಲನೆ ಗಮನಿಸುವ ಟೆಲಿಮ್ಯಾಟಿಕ್ಸ್ ಪಾಲಿಸಿ ಸಿಕ್ಕರೆ ತೆಗೆದುಕೊಳ್ಳಿ. ಮಗಳು ಮುಖ ಸಿಂಡರಿಸಬಹುದು. ಪರವಾಗಿಲ್ಲ.

ಪ್ರಶ್ನೆ: ಐದು ಸ್ಟಾರ್ ಇರುವ ಕಾರು ಕೊಂಡರೆ ಆಯಿತಲ್ಲವೇ?

ಯಾವ ವರ್ಷದ ಐದು ಸ್ಟಾರ್? ಯುರೋಪಿನಲ್ಲಿ ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೊ ಎನ್‌ಕ್ಯಾಪ್ ಸಂಸ್ಥೆ ಫಿಯೆಟ್ ಪುಂಟೊ ಕಾರಿಗೆ 2005ರಲ್ಲಿ ಐದು ಸ್ಟಾರ್ ಕೊಟ್ಟಿತ್ತು. 2017ರಲ್ಲಿ ಮತ್ತೆ ಪರೀಕ್ಷಿಸಿದಾಗ ಸೊನ್ನೆ. ಪರೀಕ್ಷೆ ಕಠಿಣವಾಗುತ್ತಾ ಹೋಗುತ್ತದೆ. ನೀವು ಕೊಳ್ಳುವ ದೇಶದಲ್ಲಿ, ನೀವು ಕೊಳ್ಳುವ ವೇರಿಯಂಟಿನಲ್ಲಿ ಅದೇ ಏರ್‌ಬ್ಯಾಗುಗಳು ಇವೆಯಾ ಎಂದೂ ನೋಡಿ. ಸಣ್ಣ ಕಾರಿನ ಐದು ಸ್ಟಾರನ್ನು ದೊಡ್ಡ ಕಾರಿನ ಐದು ಸ್ಟಾರಿಗೆ ಹೋಲಿಸಲೂಬೇಡಿ.

ಪ್ರಶ್ನೆ: ಬೆಲ್ಟ್ ಹಾಕದಿದ್ದರೆ ಬರುವ ಸದ್ದು ನಿಲ್ಲಿಸುವ ಕ್ಲಿಪ್ ಹಾಕಿಸಬಹುದಾ?

ಇಲ್ಲ. ಅದನ್ನು ಮಾರುವ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿ.

ಪ್ರಶ್ನೆ: ಕೆಂಪು ಕಾರಿಗೆ ಪ್ರೀಮಿಯಂ ಜಾಸ್ತಿ ಅಂತಾರಲ್ಲ?

ಸುಳ್ಳು. ಮಾಡೆಲ್, ಎಂಜಿನ್, ಚಾಲಕರ ವಯಸ್ಸು, ಹಿಂದಿನ ಕ್ಲೇಮ್ ಲೆಕ್ಕಕ್ಕೆ ಬರುತ್ತವೆ. ಬಣ್ಣ ಬರುವುದಿಲ್ಲ.

ಪ್ರಶ್ನೆ: ಲೈಸೆನ್ಸ್ ಇನ್ನೂ ಬಂದಿಲ್ಲ, ಆದರೆ ಚೆನ್ನಾಗಿ ಓಡಿಸ್ತಾನೆ. ಹತ್ತಿರದಲ್ಲೇ ಓಡಾಡಲು ಕೊಡಬಹುದಾ?

ಕೀ ಕೊಡಬೇಡಿ.

ಪ್ರಶ್ನೆ: ನೀವು ಹೇಳಿದಂಥ ಕಾರನ್ನೇ ಕೊಡಿಸಿದ್ದೇವೆ. ಏಳು ಸೀಟಿನದು. ಸ್ನೇಹಿತರೆಲ್ಲ ಒಟ್ಟಿಗೆ ಹೋಗಲಿ ಅಂತ.

ಏಳು ಸೀಟಿನದನ್ನು ನಾನು ಹೇಳಿರಲಿಲ್ಲ. ಹದಿನಾರು, ಹದಿನೇಳರ ಚಾಲಕರ ಬಗ್ಗೆ ರಸ್ತೆ ಸುರಕ್ಷತೆಯ ಸಂಶೋಧನೆ ಮಾಡುವ ಅಮೆರಿಕದ ಎಎಎ ಫೌಂಡೇಷನ್ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕಾರಿನಲ್ಲಿ ದೊಡ್ಡವರಿಲ್ಲದೆ, ಇಪ್ಪತ್ತೊಂದಕ್ಕಿಂತ ಚಿಕ್ಕವರು ಇಬ್ಬರಿದ್ದರೆ ಚಾಲಕ ಸಾಯುವ ಅಪಾಯ ಒಂಟಿಯಾಗಿ ಹೋಗುವುದರ ಎರಡರಷ್ಟು. ಮೂವರು ಅಥವಾ ಹೆಚ್ಚಿದ್ದರೆ ನಾಲ್ಕರಷ್ಟು. ಮಾತು, ನಗು, ‘ಇನ್ನೂ ಸ್ವಲ್ಪ ಜೋರಾಗಿ ಹೋಗೋ’ ಅನ್ನುವ ಒತ್ತಾಯ, ಇವೆಲ್ಲ ಸೇರಿ ಆಗುವುದು ಇದು. ಮೊದಲ ವರ್ಷ ಸ್ನೇಹಿತರಲ್ಲಿ ಒಬ್ಬರಿಗಿಂತ ಹೆಚ್ಚು ಕೂರಬಾರದು, ರಾತ್ರಿ ಹೊತ್ತು ಯಾರೂ ಬೇಡ. ಮಗನಿಗೆ ಇದನ್ನು ಕೀ ಕೊಡುವ ದಿನವೇ ಹೇಳಿ. ಅವನ ಸ್ನೇಹಿತರ ಅಪ್ಪ ಅಮ್ಮಂದಿರಿಗೂ ನೀವೇ ಫೋನ್ ಮಾಡಿ ತಿಳಿಸಿ, ಆಗ ‘ಇಲ್ಲ, ಹತ್ತಿಸಿಕೊಳ್ಳಲ್ಲ’ ಅನ್ನುವ ಕಷ್ಟ ಅವನೊಬ್ಬನ ಮೇಲೆ ಬೀಳುವುದಿಲ್ಲ.